ಬೆಲ್ಲ ಕದ್ದವರು

ಮೂರನೆಯ ಸಲ ಸಿಕ್ಕಿಬಿದ್ದಾಗ ಕೆಂಪಾಜಮ್ಮನ ಬಾಯಿ ತುಂಬ ಬೆಲ್ಲವಿತ್ತು. ಹಾಗಾಗಿ ಇಲ್ಲ ಅನ್ನುವುದಕ್ಕೂ ಆಗಲಿಲ್ಲ.

ಉಗ್ರಾಣ ನೋಡಿಕೊಳ್ಳುತ್ತಿದ್ದ ಹಿರಿಯ ಶಿಷ್ಯೆ ಪುಟ್ಟನಂಜಮ್ಮ ಅವಳ ರಟ್ಟೆ ಹಿಡಿದು ಎಳೆದುತಂದು ಗುರುವಿನ ಮುಂದೆ ನಿಲ್ಲಿಸಿದಳು. ಹೊಳೆದಂಡೆಯ ಆ ಆಶ್ರಮದಲ್ಲಿ ಗುರುವನ್ನು ಎಲ್ಲರೂ ಅವ್ವ ಅನ್ನುತ್ತಿದ್ದರು. ಎಂಬತ್ತೊಂದು ವರ್ಷದ ಬೊಚ್ಚುಬಾಯಿಯ ಮುದುಕಿ.

“ಕದ್ದವರು ಆಶ್ರಮ ಬಿಟ್ಟು ಹೊಳೆ ದಾಟಬೇಕು ಅನ್ನೋದು ನೀವೇ ಮಾಡಿದ ನಿಯಮ, ಅವ್ವಾ. ಇವಳನ್ನ ಎರಡು ಸಲ ಬಿಟ್ಟಿದ್ದೀರಿ.”

ಕೆಂಪಾಜಮ್ಮ ಗುಟುಕ್ಕನೆ ನುಂಗಿ ಅವ್ವನ ಕಾಲು ಹಿಡಿದಳು. ಹೊಳೆಯ ಆಚೆ ದಂಡೆಯಲ್ಲಿ ಅವಳನ್ನು ಬಾ ಅನ್ನುವವರು ಯಾರೂ ಇರಲಿಲ್ಲ.

“ಅವ್ವಾ, ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಅಂತ ಆರು ಹೇಳಿಕೊಟ್ಟಿರಿ. ಆಣೆ ಮಾಡಿ ಹೇಳ್ತೀನಿ, ಆ ಆರೂ ನನ್ನ ಹತ್ತಿರ ಸುಳಿಯಲ್ಲ. ನನಗೆ ಗಂಟುಬಿದ್ದಿರೋದು ಏಳನೇದು. ಈ ಹಾಳು ಹೊಟ್ಟೆ. ಇದೊಂದನ್ನ ಬಿಡಿಸಿಬಿಡಿ.”

“ಆರೂ ಇಲ್ವಾ?”

“ಒಂದೂ ಇಲ್ಲ.”

“ಹಾಗಾದ್ರೆ ನನಗಿಂತ ಮುಂದಿದ್ದೀಯ ಬಿಡು,” ಅಂದರು ಅವ್ವ. ಪುಟ್ಟನಂಜಮ್ಮನ ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ಕೆಂಪಾಜಮ್ಮನ ಕೈಗಿಟ್ಟರು.

ಆ ಆಶ್ರಮದ ಪದ್ಧತಿಯೇ ಹಾಗೆ. ಸಿಡುಕಿನವಳಿಗೆ ಬಂದ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ. ಸೋಮಾರಿಗೆ ಬೆಳಗಿನ ಗಂಟೆ ಬಾರಿಸುವ ಕೆಲಸ. ಹೀಗಾಗಿ ಅಲ್ಲಿ ಬೆಳಗಾಗುವುದು ಒಂದೊಂದು ದಿನ ಒಂದೊಂದು ಹೊತ್ತಿಗೆ.

ಆದರೂ ಪುಟ್ಟನಂಜಮ್ಮ ಬಾಯಿ ಬಡಿದುಕೊಂಡಳು. “ಅಯ್ಯೋ ಅವ್ವಾ, ಇನ್ನು ನಮಗೆಲ್ಲ ಹೊಳೆ ನೀರೇ ಊಟ!”

ಅವ್ವ ಕೆಂಪಾಜಮ್ಮನ ಕಡೆಗೆ ತಿರುಗಿದರು. “ನೀನು ಎಷ್ಟು ಬೇಕಾದ್ರೂ ತಿನ್ನು. ಅದು ಕಳ್ಳತನ ಅಲ್ಲ. ಬೇರೆ ಯಾರಾದ್ರೂ ಕದ್ದರೆ ನೀನೇ ಹಿಡೀಬೇಕು. ಹಿಡಿದರೆ ಅವರು ಹೊಳೆ ದಾಟ್ತಾರೆ. ಹಿಡೀದೆ ಹೋದ್ರೆ ನೀನು ದಾಟ್ತೀಯ.”

ವಿಚಿತ್ರವೆಂದರೆ, ತಿನ್ನು ಅಂದಮೇಲೆ ಬೆಲ್ಲವೇ ಬೇಡವಾಯಿತು. ಎಂಟು ದಿನ ಕೆಂಪಾಜಮ್ಮ ಒಂದು ಚೂರನ್ನೂ ಮುಟ್ಟಲಿಲ್ಲ. ಏಳನೆಯದೂ ತೊಲಗಿತು, ಇನ್ನು ತಾನೂ ಒಬ್ಬ ಗುರುವೇ ಅಂದುಕೊಂಡಳು.

ಎಂಟನೆಯ ದಿನ ಪುಟ್ಟನಂಜಮ್ಮ ಉಗ್ರಾಣದ ಬಾಗಿಲಿಗೆ ಬಂದು ನಿಂತಳು. “ನಾಲ್ಕು ಏಲಕ್ಕಿ ಕೊಡೇ, ಪಾಯಸ ಇಳಿಸಿದ್ದೀನಿ.”

“ಒಂದು ಸಾಕು.”

“ಮೂವತ್ತು ಜನಕ್ಕೆ ಒಂದು ಏಲಕ್ಕಿಯೇನೇ?”

“ಬೀಗದ ಕೈ ಯಾರ ಹತ್ರ ಇದೆಯಮ್ಮಾ?”

ಪುಟ್ಟನಂಜಮ್ಮ ಒಂದೇ ಏಲಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಹೋಗುವುದನ್ನು ಕೆಂಪಾಜಮ್ಮ ಕಣ್ತುಂಬ ನೋಡಿದಳು. ಅವತ್ತು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹಸಿವೇ ಇರಲಿಲ್ಲ.

ಒಂಬತ್ತನೆಯ ದಿನ ಅವಳು ಬೀಗ ಹಾಕದೆ ಬಾಗಿಲು ಎಳೆದುಕೊಂಡು ಹೋಗಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಬೆಲ್ಲದ ಅಚ್ಚಿನ ಮೂಲೆ ಯಾರೋ ಮುರಿದಿದ್ದರು. ಹತ್ತನೆಯ ದಿನ ಇನ್ನೊಂದು ಮೂಲೆ.

ಕೆಂಪಾಜಮ್ಮ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಳ್ಳಿ ಸಿಗದಿದ್ದರೆ ತೆಪ್ಪ ಹತ್ತಬೇಕಾದವಳು ತಾನು. ಪುಟ್ಟನಂಜಮ್ಮನೇ ಆಗಿರಲಿ ದೇವರೇ ಅಂತ ಬೇಡಿಕೊಂಡಳು.

ಹನ್ನೊಂದನೆಯ ದಿನ, ಎಲ್ಲರೂ ಬಟ್ಟೆ ಒಗೆಯಲು ಹೊಳೆಗೆ ಇಳಿದ ಹೊತ್ತು. ತಾನೂ ಸ್ನಾನಕ್ಕೆ ಹೊರಟವಳಂತೆ ಹೊರಟು, ಹಿತ್ತಲಿನಿಂದ ವಾಪಸು ಬಂದು ರಾಗಿ ಮೂಟೆಯ ಹಿಂದೆ ಕುಕ್ಕರಗಾಲಲ್ಲಿ ಕೂತಳು.

ಬಾಗಿಲು ತೆರೆಯಿತು.

ಬಂದವರು ಅವ್ವ.

ಆಚೆ ಈಚೆ ನೋಡಿದರು. ಅಚ್ಚಿನಿಂದ ಒಂದು ಚೂರು ಮುರಿದರು. ಬೊಚ್ಚುಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚೀಪತೊಡಗಿದರು.

ಕೆಂಪಾಜಮ್ಮ ಅವ್ವನ ಕೈಯನ್ನೇ ನೋಡಿದಳು. ದಿನಾ ಪ್ರಸಾದ ಹಾಕುವ ಕೈ ಅದು. ತಲೆಯ ಮೇಲೆ ಇಟ್ಟರೆ ಅಳು ನಿಲ್ಲುತ್ತಿದ್ದ ಕೈ.

ಮರುಕ್ಷಣ ಅವಳು ಹೊಳೆಯ ಕಡೆಗೆ ಓಡುತ್ತಿದ್ದಳು. “ಬನ್ರೇ! ಎಲ್ಲಾ ಬನ್ರೇ! ಕಳ್ಳಿ ಯಾರು ನೋಡ್ಬನ್ನಿ!”

ಒದ್ದೆ ಸೀರೆಯಲ್ಲೇ ಎಲ್ಲರೂ ಬಂದರು. ಅವ್ವ ಇದ್ದಲ್ಲೇ ನಿಂತಿದ್ದರು. ಕೆನ್ನೆ ಇನ್ನೂ ಉಬ್ಬಿತ್ತು.

ಪುಟ್ಟನಂಜಮ್ಮ ತಡವರಿಸಿದಳು. “ಎಲ್ಲಾ ನಿಮ್ಮದೇ ಅಲ್ವಾ ಅವ್ವಾ. ಕದಿಯೋ ಮಾತೆಲ್ಲಿ ಬಂತು?”

“ಕೇಳದೆ, ಯಾರೂ ಇಲ್ಲದ ಹೊತ್ತು ನೋಡಿ, ಬಾಯಿಗೆ ಹಾಕ್ಕೊಂಡೆ. ಅದಕ್ಕೆ ಬೇರೆ ಹೆಸರಿದ್ರೆ ಹೇಳು.”

ಅವ್ವ ಒಂದು ಸೀರೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊಳೆಗಿಳಿದು ತೆಪ್ಪದಲ್ಲಿ ಕೂತರು. ಅಂಬಿಗ ಹುಟ್ಟು ಹಿಡಿದುಕೊಂಡು ಎಲ್ಲರ ಮುಖ ನೋಡುತ್ತ ನಿಂತ.

ಕೆಂಪಾಜಮ್ಮ ಮೊಣಕಾಲುದ್ದ ನೀರಿಗೆ ನುಗ್ಗಿ ತೆಪ್ಪದ ಅಂಚು ಹಿಡಿದಳು. “ಅವ್ವಾ, ಇಳೀರಿ. ನನಗೆ ಪಾಠ ಹೇಳೋಕೆ ಇದೆಲ್ಲಾ ನಾಟಕ ಆಡಿದ್ರಿ. ನನಗೆ ಗೊತ್ತು.”

“ನಾಟಕವೇ? ನನಗೆ ಬೆಲ್ಲ ಬೇಕಿತ್ತು ಕಣೇ. ಎಂಬತ್ತೊಂದು ವರ್ಷವಾದ್ರೂ ಬೇಕು ಅನ್ನಿಸುತ್ತೆ. ಅದು ನನಗೆ ಗೊತ್ತಿದೆ. ನಿನ್ನದು ಹೇಳು. ನಾನು ಚೀಪೋದನ್ನ ನೋಡಿದಾಗ ನಿನಗೆ ಏನಾಯ್ತು?”

“ದುಃಖ ಆಯ್ತು, ಅವ್ವಾ.”

“ಅದಕ್ಕೂ ಮೊದಲು?”

“ಸಿಟ್ಟು ಬಂತು. ಇಂಥವರ ಕಾಲು ಹಿಡಿದೆನಲ್ಲಾ ಅಂತ.”

“ಅದಕ್ಕೂ ಮೊದಲು?”

ಕೆಂಪಾಜಮ್ಮ ನೀರಿನೊಳಗಿದ್ದ ತನ್ನ ಕಾಲುಗಳನ್ನು ನೋಡಿಕೊಂಡಳು. ಓಡುವಾಗ ಅವು ಎಷ್ಟು ಹಗುರವಾಗಿದ್ದವು ಅನ್ನುವುದು ಈಗ ನೆನಪಾಯಿತು. ದಂಡೆಯ ಮೇಲಿದ್ದವರೆಲ್ಲ ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

“ಸಂತೋಷ,” ಅಂದಳು. “ಅಯ್ಯೋ ಅವ್ವಾ, ನನಗೆ ಸಂತೋಷವಾಯ್ತು! ನನಗಿಂತ ಕೀಳಾದವರು ಒಬ್ಬರು ಸಿಕ್ಕಿದರು ಅಂತ. ಅದೂ ನೀವೇ ಸಿಕ್ಕಿದಿರಿ ಅಂತ.”

“ಹೇಗಿತ್ತು ಅದು?”

“ಸಿಹಿ.”

“ಬೆಲ್ಲದಷ್ಟು?”

“ಬೆಲ್ಲ ಏನೂ ಅಲ್ಲ ಅವ್ವಾ ಅದರ ಮುಂದೆ. ನಾನೂ ದಾಟಬೇಕಾದವಳೇ.”

ಅವಳು ತೆಪ್ಪ ಹತ್ತಿ ಕೂತಳು. ಅವ್ವ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಅಂಬಿಗ ತೆಪ್ಪವನ್ನು ನಡುಹೊಳೆಗೆ ತಳ್ಳಿದ.

“ಅದಕ್ಕೋಸ್ಕರ ಎಷ್ಟು ವರ್ಷದಿಂದ ಹಸಿದಿದ್ದೆ, ಮಗಾ?” ಅಂದರು ಅವ್ವ.