ಕದಲದ ಮೂಟೆ

“ಉಸ್ತಾದರೇ, ಮಾರುವವನೂ ಒಪ್ಪಿದ್ದಾನೆ, ಕೊಳ್ಳುವವನೂ ಒಪ್ಪಿದ್ದಾನೆ. ಬೆಲೆಯಲ್ಲಿ ಮುಚ್ಚುಮರೆಯಿಲ್ಲ. ಆ ಲಾಭ ಹಲಾಲ್ ತಾನೆ, ಧರ್ಮ ಒಪ್ಪುವಂಥದ್ದು ತಾನೆ?” ಎಂದು ಶಿಷ್ಯ ಇದ್ರೀಸ ಕೇಳಿದ.

ಉಸ್ತಾದರು ಈ ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಹಜ್ ಮಾಡಿ ಬಂದವನು. ಬಡ್ಡಿಯನ್ನು ಅಲ್ಲಾಹನು ನಿಷೇಧಿಸಿದ್ದಾನೆ, ಆ ಮಾತನ್ನೇ ತನ್ನ ಅಂಗಡಿಯಲ್ಲಿ ಯಾರೂ ಆಡಕೂಡದು ಎನ್ನುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಒಂದು ಮೆಣಸಿನ ಮೂಟೆ ಇತ್ತು. ಸಾಲ ಕೇಳಿ ಬಂದವನಿಗೆ ಆ ಮೂಟೆಯನ್ನು ನೂರಿಪ್ಪತ್ತು ರೂಪಾಯಿಗೆ ಉದ್ರಿ ಮಾರುತ್ತಿದ್ದ. ಮರುಗಳಿಗೆಯಲ್ಲೇ ಅದನ್ನು ಅವನಿಂದ ನೂರು ರೂಪಾಯಿ ನಗದಿಗೆ ತಾನೇ ಕೊಳ್ಳುತ್ತಿದ್ದ. ಬಂದವನು ನೂರು ಪಡೆದು ಹೋಗಿ, ವರ್ಷ ಕಳೆದ ಮೇಲೆ ನೂರಿಪ್ಪತ್ತು ತಂದುಕೊಡುತ್ತಿದ್ದ. ಮೂಟೆ ಮಾತ್ರ ಇದ್ದಲ್ಲಿಂದ ಕದಲುತ್ತಿರಲಿಲ್ಲ. ಮಿಕ್ಕಿದ ಇಪ್ಪತ್ತಕ್ಕೆ ವ್ಯಾಪಾರಿ ಲಾಭ ಎಂದು ಹೆಸರಿಟ್ಟಿದ್ದ. ಅದರಿಂದ ಮಸೀದಿಗೆ ಹೊಸ ಚಾಪೆಗಳನ್ನೂ ಹಾಸಿಸಿದ್ದ.

ಒಮ್ಮೆ ಬೇರೆ ಊರಿನ ಮೀನುಗಾರನೊಬ್ಬ ಬಂದ. ಅವನ ದೋಣಿಯ ತಳ ಒಡೆದಿತ್ತು. ಮಳೆಗಾಲ ಮುಗಿದಿತ್ತು, ಈಗ ಕಡಲಿಗೆ ಇಳಿಯದಿದ್ದರೆ ಮನೆಯವರಿಗೆ ಆ ವರ್ಷ ಊಟವಿಲ್ಲ. ವ್ಯಾಪಾರಿ ಎಂದಿನಂತೆ ಬೆಲೆ ಹೇಳಿ, ಕೊಂಡೆ ಎನ್ನಲು ತಿಳಿಸಿದ. ಪೇಟೆಯಲ್ಲಿ ಮೆಣಸು ಮಾರಿದರೆ ಹಲಗೆಗೆ ದುಡ್ಡಾಗುತ್ತದೆ ಎಂದು ಲೆಕ್ಕ ಹಾಕಿ ಮೀನುಗಾರ ಕೊಂಡೆ ಎಂದ. ಆಮೇಲೆ ಸೀದಾ ಹೋಗಿ ಮೂಟೆಯನ್ನು ಹೆಗಲಿಗೆ ಎತ್ತಿದ.

ವ್ಯಾಪಾರಿ ಓಡಿಬಂದು ಅಡ್ಡ ನಿಂತ. “ಏಯ್, ಇಳಿಸು. ಅದು ಹೊತ್ತುಕೊಂಡು ಹೋಗುವುದಕ್ಕೆ ಇಟ್ಟದ್ದಲ್ಲ.”

“ಮಾರಿದಿರಲ್ಲ ಹಾಜಿಗಳೇ? ಮೂಲೆಯಲ್ಲೇ ಇಡಬೇಕೆಂದಿದ್ದರೆ ನನ್ನ ಮನೆಯಲ್ಲೂ ಮೂಲೆಯಿದೆ.”

ಅಂಗಡಿಯಲ್ಲಿದ್ದವರು ನಕ್ಕರು. ವ್ಯಾಪಾರಿ ಮೂಟೆಯನ್ನು ಹಿಡಿದೆಳೆದ. ಅದರ ತಳ ಹರಿಯಿತು. ಕೆಳಗೆ ಸುರಿದದ್ದು ಮೆಣಸಲ್ಲ, ಬರೀ ಪುಡಿ. ಎಷ್ಟೋ ವರ್ಷಗಳಿಂದ ದಿನವೂ ಮಾರಾಟವಾಗುತ್ತಿದ್ದ ಕಾಳನ್ನು ಹುಳು ತಿಂದು ಮುಗಿಸಿತ್ತು.

ವ್ಯಾಪಾರಿಗೆ ನಾಚಿಕೆಯಾಗಲಿಲ್ಲ. ವ್ಯಾಪಾರದ ನಿಯಮ ತಿಳಿಯದ ಮೂಢ ಎಂದು ಮೀನುಗಾರನನ್ನು ಬೈದು, ಬರಿಗೈಯಲ್ಲಿ ಹೊರಗೆ ಅಟ್ಟಿದ. ಆ ವರ್ಷ ಅವನ ದೋಣಿ ದಡದಲ್ಲೇ ಬಿಸಿಲಿಗೆ ಬಿರಿಯಿತು. ಅವನು ಬೇರೆಯವರ ದೋಣಿಯಲ್ಲಿ ಕೂಲಿಗೆ ಬಲೆ ಎಳೆದ. ವ್ಯಾಪಾರಿ ಅದೇ ಸಂಜೆ ಇನ್ನೊಂದು ಮೂಟೆ ತರಿಸಿ ಮೂಲೆಗೆ ಇಡಿಸಿದ.

ಉಸ್ತಾದರು ಕತೆ ನಿಲ್ಲಿಸಿದರು. ಇದ್ರೀಸನಿಗೆ ಸಮಾಧಾನವಾಗಲಿಲ್ಲ. ಆ ಮೀನುಗಾರನೊಬ್ಬನನ್ನು ಬಿಟ್ಟರೆ ಅಲ್ಲಿಗೆ ಬಂದವರಿಗೆಲ್ಲ ಮೂಟೆಯ ವಿಷಯ ಗೊತ್ತೇ ಇತ್ತಲ್ಲ, ಯಾರೂ ಮೋಸಹೋಗಲಿಲ್ಲವಲ್ಲ ಎಂದ.

ಉಸ್ತಾದರ ದನಿ ಗಡುಸಾಯಿತು.

“ಕೊಡುವವನಿಗೂ ಗೊತ್ತಿತ್ತು, ತೆಗೆದುಕೊಳ್ಳುವವನಿಗೂ ಗೊತ್ತಿತ್ತು, ಹಾಗಾದರೆ ಆ ಮೂಟೆಯನ್ನು ಅವನು ಯಾರ ಕಣ್ಣಿಗೆ ಮಣ್ಣೆರಚಲು ಇಟ್ಟಿದ್ದ?”