ಬಿದ್ದ ಸರ್ಕಾರವನ್ನು ಬೀಳಿಸಲಾರದ ಬ್ರಿಸಾಕ್

ಸರ್ಕಾರ ಬೀಳಿಸುವುದರಲ್ಲಿ ತನ್ನನ್ನು ಮೀರಿಸುವವರು ಇಡೀ ಫ್ರಾನ್ಸಿನಲ್ಲಿ ಇಲ್ಲ ಎಂದು ಸಣ್ಣ ಪಕ್ಷವೊಂದರ ನಾಯಕ ಕ್ಲೊಟೇರ್ ಬ್ರಿಸಾಕ್ ಊಟದ ಮೇಜಿನಲ್ಲೇ ಹೇಳಿಕೊಳ್ಳುತ್ತಿದ್ದರು. ಬಾಯಿಯಲ್ಲಿ ತುತ್ತು ಇರುವಾಗಲೇ ಹೇಳುತ್ತಿದ್ದರು ಎಂಬುದು ಇನ್ನೂ ಬೇಸರದ ಸಂಗತಿ.

ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಪಾರ್ಲಿಮೆಂಟಿನಲ್ಲಿ ಯಾವ ಪಕ್ಷಕ್ಕೂ ಬಹುಮತವಿರಲಿಲ್ಲ. ನಾಲ್ಕೈದು ಪಕ್ಷಗಳು ಕೈಕೈ ಹಿಡಿದು ಸಂಪುಟ ಕಟ್ಟುತ್ತಿದ್ದವು, ಒಂದು ಕೈ ಬಿಟ್ಟರೆ ಎಲ್ಲವೂ ಕುಸಿಯುತ್ತಿತ್ತು. ಬಿಡುವ ಕೈ ಯಾವಾಗಲೂ ಬ್ರಿಸಾಕರದೇ.

ಚಳಿ ಶುರುವಾಗುವ ಹೊತ್ತಿಗೆ ಅವರು ಪ್ರಧಾನಿ ಒನೊರೆ ವಾಲ್ಮಿಯವರ ಕೋಣೆಗೆ ಬಂದರು. ಬಾಗಿಲು ತಟ್ಟಲಿಲ್ಲ.

"ಕಲ್ಲಿದ್ದಲು ಖಾತೆ ನನ್ನ ಭಾವಮೈದ ಫರ್ಮಿನ್‌ಗೆ ಬೇಕು. ನಾಳೆ ಮಧ್ಯಾಹ್ನದೊಳಗೆ."

"ಕೂತುಕೊಳ್ಳಿ ಮಾನ್ಯರೆ. ನಿಮ್ಮ ಭಾವಮೈದ ಕಲ್ಲಿದ್ದಲು ವ್ಯಾಪಾರಿಯಲ್ಲವೇ?"

"ಅದಕ್ಕೇ ಅನುಭವ ಇದೆ ಅಂತ ಹೇಳುತ್ತಿರುವುದು!"

"ಬೆಕ್ಕಿಗೂ ಹಾಲಿನ ಅನುಭವ ಇದೆ," ಎಂದರು ವಾಲ್ಮಿ. "ಬಾಂಬು ಬಿದ್ದ ಉತ್ತರದ ಊರುಗಳ ಆಸ್ಪತ್ರೆಗಳಲ್ಲಿ ಕಿಟಕಿಗಳಿಗೆ ಗಾಜಿಲ್ಲ. ಈ ಚಳಿಗಾಲ ಅಲ್ಲಿಗೆ ಕಲ್ಲಿದ್ದಲು ಹೋಗದಿದ್ದರೆ ರೋಗಿಗಳು ಉಳಿಯುವುದಿಲ್ಲ. ಫರ್ಮಿನ್ ಮಂತ್ರಿಯಾದರೆ ಅದು ಹೋಗುವುದು ಅವರ ಗೋದಾಮಿಗೆ."

"ಹಾಗಾದರೆ ನಾಳೆ ನಿಮ್ಮ ಸರ್ಕಾರ ಬೀಳುತ್ತದೆ. ಭಾಷಣ ಬರೆದಿಟ್ಟಿದ್ದೇನೆ."

"ಉದ್ದವಾಗಿದೆಯೇ?"

"ಎರಡು ಗಂಟೆ!"

"ಪಾಪ," ಎಂದರು ವಾಲ್ಮಿ. ಯಾರನ್ನು ಕುರಿತು ಎಂದು ಹೇಳಲಿಲ್ಲ.

ಮರುದಿನ ಬೆಳಗ್ಗೆ ವಾಲ್ಮಿ ನೇರವಾಗಿ ರಾಷ್ಟ್ರಾಧ್ಯಕ್ಷರ ಬಳಿಗೆ ಹೋಗಿ ರಾಜೀನಾಮೆ ಕೊಟ್ಟರು.

ಅಧ್ಯಕ್ಷರು ಕಾಫಿ ಬಟ್ಟಲು ಕೆಳಗಿಟ್ಟರು. "ಯಾರೂ ಬೀಳಿಸುವ ಮೊದಲೇ?"

"ಇನ್ನೊಬ್ಬರು ತಳ್ಳುವ ಮೊದಲೇ ನೆಲದ ಮೇಲೆ ಕೂತವನಿಗೆ ಮಂಡಿ ತರಚುವುದಿಲ್ಲ, ಮಹಾಸ್ವಾಮಿ."

"ಸರಿ. ಹೊಸ ಸಂಪುಟ ಬರುವವರೆಗೆ ನೀವೇ ದಿನನಿತ್ಯದ ಕೆಲಸ ನೋಡಿಕೊಳ್ಳಿ. ಪದ್ಧತಿ ಗೊತ್ತಲ್ಲ?"

"ಚೆನ್ನಾಗಿ ಗೊತ್ತು," ಎಂದು ವಾಲ್ಮಿ ತಲೆಬಾಗಿದರು.

ಮಧ್ಯಾಹ್ನ ಬ್ರಿಸಾಕ್ ಸಭೆಯಲ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಈ ಸರ್ಕಾರದ ಮೇಲೆ ನನಗೆ ವಿಶ್ವಾಸವಿಲ್ಲ!"

"ಯಾವ ಸರ್ಕಾರ?" ಎಂದು ಸಭಾಪತಿ ಕೇಳಿದರು. "ಅದು ಬೆಳಗ್ಗೆಯೇ ಹೋಯಿತು."

"ಹಾಗಾದರೆ ಅಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವವರು ಯಾರು?"

"ಇಲ್ಲದ ಸರ್ಕಾರದ ಮಂತ್ರಿಗಳು."

"ಅವರನ್ನೇ ಬೀಳಿಸುತ್ತೇನೆ!"

"ಬಿದ್ದವರನ್ನು ಬೀಳಿಸಲು ನಮ್ಮ ಸಂವಿಧಾನದಲ್ಲಿ ದಾರಿಯಿಲ್ಲ, ಮಾನ್ಯರೆ. ದಯವಿಟ್ಟು ಕುಳಿತುಕೊಳ್ಳಿ."

ಎರಡು ಗಂಟೆಯ ಭಾಷಣ ಜೇಬಿಗೆ ಹಿಂತಿರುಗಿತು.

ರಾಷ್ಟ್ರಾಧ್ಯಕ್ಷರು ಬ್ರಿಸಾಕರನ್ನು ಕರೆಸಿದರು. "ಇಷ್ಟು ಸರ್ಕಾರಗಳಲ್ಲಿ ತಪ್ಪು ಕಂಡವರು ನೀವು. ತಪ್ಪಿಲ್ಲದ ಒಂದು ಸರ್ಕಾರ ಕಟ್ಟಿ."

ಬ್ರಿಸಾಕ್ ಉಬ್ಬಿದರು. ಆ ಸಂಜೆಯೇ ಹೊಸ ಕೋಟು ಹೊಲಿಯಲು ಕೊಟ್ಟರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಪ್ಯಾರಿಸ್ಸಿನಲ್ಲೂ ಉಂಟು.

ಆಮೇಲೆ ಪಕ್ಷಗಳು ಬಂದವು. ಸಮಾಜವಾದಿಗಳು ಗೃಹಖಾತೆ ಕೇಳಿದರು. ಉದಾರವಾದಿಗಳೂ ಗೃಹಖಾತೆಯನ್ನೇ ಕೇಳಿದರು. ಕ್ಯಾಥೊಲಿಕರು ಬಹಳ ವಿನಯದಿಂದ, ತಮಗೆ ಏನೂ ಬೇಡ, ಗೃಹಖಾತೆ ಕೊಟ್ಟರೆ ಸಾಕು ಎಂದರು. ಒಬ್ಬರಿಗೆ ಹೂಂ ಎಂದರೆ ಇನ್ನಿಬ್ಬರು ಟೋಪಿ ಎತ್ತಿಕೊಂಡು ಹೊರಡುತ್ತಿದ್ದರು. ಬ್ರಿಸಾಕರ ಸ್ವಂತ ಪಕ್ಷದಲ್ಲಿ ಇದ್ದವರು ಕಡಿಮೆ, ಆದರೆ ಮಂತ್ರಿಯಾಗಬೇಕೆಂದವರು ಅಷ್ಟೂ ಮಂದಿ.

ಇತ್ತ ವಾಲ್ಮಿ ಉತ್ತರದ ಊರುಗಳಿಗೆ ಕಲ್ಲಿದ್ದಲಿನ ರೈಲುಗಳನ್ನು ಓಡಿಸುತ್ತಲೇ ಇದ್ದರು. ಬ್ರಿಸಾಕ್ ಓಡಿಬಂದರು. "ಇದು ಅನ್ಯಾಯ! ನೀವು ದಿನನಿತ್ಯದ ಕೆಲಸ ಮಾತ್ರ ಮಾಡಬೇಕು!"

"ಒಲೆ ಹಚ್ಚುವುದು ದಿನನಿತ್ಯದ ಕೆಲಸವಲ್ಲವೇ? ನಿಮ್ಮ ಮನೆಯಲ್ಲಿ ಪಂಚಾಂಗ ನೋಡಿ ಹಚ್ಚುತ್ತಾರೆಯೇ?"

"ನಾನು ನಿಮ್ಮನ್ನು..."

"ಬೀಳಿಸುತ್ತೀರಿ. ಅದಕ್ಕೆ ಮೊದಲು ಯಾರಾದರೂ ನನ್ನನ್ನು ಎತ್ತಿ ನಿಲ್ಲಿಸಬೇಕು."

ಹಿಮ ಕರಗಿತು. ಆಸ್ಪತ್ರೆಗಳಲ್ಲಿ ಒಲೆಗಳು ಆರಲಿಲ್ಲ. ಸೆನ್ ನದಿಯ ದಡದ ಮರಗಳು ಚಿಗುರುವ ಹೊತ್ತಿಗೆ ಬ್ರಿಸಾಕರ ಹೊಸ ಕೋಟು ಸೊಂಟದಲ್ಲಿ ಸಡಿಲವಾಗಿತ್ತು. ಅವರು ಅಧ್ಯಕ್ಷರ ಮುಂದೆ ಕೈಚೆಲ್ಲಿ ನಿಂತರು. ವಾಲ್ಮಿಯೂ ಅಲ್ಲೇ ಇದ್ದರು.

"ನನ್ನಿಂದಾಗದು, ಮಹಾಸ್ವಾಮಿ. ದಯವಿಟ್ಟು ವಾಲ್ಮಿಯವರನ್ನೇ ಮತ್ತೆ ಪ್ರಧಾನಿ ಮಾಡಿ."

"ಅವರ ಮೇಲೆ ನಿಮಗೆ ವಿಶ್ವಾಸ ಬಂತೇ?"

"ಇಲ್ಲ. ಅವರು ಪ್ರಧಾನಿಯಾಗದೆ ನಾನು ಅವರನ್ನು ಬೀಳಿಸುವುದು ಹೇಗೆ?"

ಅಧ್ಯಕ್ಷರು ವಾಲ್ಮಿಯತ್ತ ತಿರುಗಿದರು. "ಇಷ್ಟು ಪ್ರೀತಿಯಿಂದ ಕರೆದರೆ ಹೇಗೆ ಬೇಡವೆನ್ನುತ್ತೀರಿ?"

"ಒಪ್ಪುತ್ತೇನೆ," ಎಂದರು ವಾಲ್ಮಿ. "ಫರ್ಮಿನ್ ಅವರನ್ನು ನಾನು ಆಗ ನಿರಾಸೆಗೊಳಿಸಿದೆ. ಅವರು ನನ್ನ ಸಂಪುಟದಲ್ಲಿ ಇರಲೇಬೇಕು. ಉದ್ಯಾನ ಮತ್ತು ಕಾರಂಜಿಗಳ ಖಾತೆಯನ್ನು ಅವರಿಗಾಗಿಯೇ ಹೊಸದಾಗಿ ಸೃಷ್ಟಿಸುತ್ತೇನೆ. ಕಾರು, ಕಚೇರಿ, ಬಾಗಿಲಲ್ಲಿ ಸೆಲ್ಯೂಟು, ಎಲ್ಲವೂ ಉಂಟು."

ಬ್ರಿಸಾಕರ ಮುಖ ಅರಳಿತು. ಕೊನೆಗೂ ತಾನೇ ಗೆದ್ದೆ ಎಂದುಕೊಂಡು, ಹೆಂಡತಿಗೆ ಸುದ್ದಿ ಮುಟ್ಟಿಸಲು ಮೆಟ್ಟಿಲುಗಳನ್ನು ಹುಡುಗನಂತೆ ಇಳಿದುಹೋದರು.

ಅಧ್ಯಕ್ಷರಿಗೆ ಕಳವಳವಾಯಿತು. "ಏನಪ್ಪಾ ಇದು? ಭಾವಮೈದನಿಗೆ ಮಂತ್ರಿಗಿರಿ ಕೊಟ್ಟು ಕಳಿಸಿದಿರಿ. ಮುಂದಿನ ವಾರವೇ ಆತ ನಿಮ್ಮನ್ನು ಬೀಳಿಸುವುದಿಲ್ಲ ಎಂದು ಏನು ಭರವಸೆ?"

"ನನ್ನನ್ನು ಧಾರಾಳವಾಗಿ ಬೀಳಿಸಬಹುದು, ಮಹಾಸ್ವಾಮಿ. ಆದರೆ ನನ್ನ ಜೊತೆಗೆ ಫರ್ಮಿನ್ ಕೂಡ ಬೀಳುತ್ತಾರೆ. ಆ ಸಂಜೆ ಫರ್ಮಿನ್ ಅವರ ಅಕ್ಕ ಬಡಿಸುವ ಊಟಕ್ಕೆ ಕೂರುವ ಧೈರ್ಯ ಬ್ರಿಸಾಕರಿಗೆ ಇದೆಯೇ?"

ಅಧ್ಯಕ್ಷರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ನೇಮಕದ ಆಜ್ಞೆಗೆ ಸಹಿ ಹಾಕಿ, ಲೇಖನಿಯನ್ನು ವಾಲ್ಮಿಗೇ ಕೊಟ್ಟುಬಿಟ್ಟರು.