ಚಾಯ್ಸಲ್ಲಿ ಬಿಟ್ಟ ಪಾಠ

ಕಾಲೇಜಿನ ಅಡ್ಮಿಷನ್ ಕಿಟಕಿಯ ಮುಂದೆ ಹನುಮಂತನ ಬಾಲದಂಥ ಸಾಲು. ಒಳಗೆ ಗುಮಾಸ್ತೆ ಪಂಕಜಮ್ಮನವರಿಗೆ ಬೆಳಗಿನಿಂದ ಸೀಲು ಒತ್ತಿ ಒತ್ತಿ ಕೈ ಸೋತಿತ್ತು. ಮುಂದಿಟ್ಟ ಟೀ ಆರಿ ಕೆನೆ ಕಟ್ಟಿತ್ತು.

ಅಷ್ಟರಲ್ಲಿ ಕಂಟ್ರಾಕ್ಟರ್ ಚಿದಾನಂದಪ್ಪ ಸಾಲನ್ನೆಲ್ಲ ತಳ್ಳಿಕೊಂಡು, ಮಗಳನ್ನು ಎಳೆದುಕೊಂಡು ಬಂದರು.

"ನಮ್ಮ ಹುಡುಗಿ ಹೈಸ್ಕೂಲಲ್ಲಿ ಮೂರು ವರ್ಷ ಫ್ರೆಂಚ್ ಓದಿದಾಳೆ. ನೂರಕ್ಕೆ ನೂರು! ಇಂಥವಳನ್ನ ಸಾಲಲ್ಲಿ ನಿಲ್ಲಿಸ್ತೀರಾ? ಮೊದಲು ಸೀಟು ಕೊಡಿ. ಇಲ್ಲಾಂದ್ರೆ ನಿಮ್ಮನ್ನ ಇಲ್ಲಿಂದ ಎತ್ತಂಗಡಿ ಮಾಡಿಸ್ತೀನಿ."

ಪಂಕಜಮ್ಮ ಈ ಬೆದರಿಕೆ ಕೇಳಿದ್ದು ಅವತ್ತಿಗೆ ನಾಲ್ಕನೇ ಸಲ. ಜಗಳಕ್ಕೆ ತ್ರಾಣವಿರಲಿಲ್ಲ.

"ನೂರಕ್ಕೆ ನೂರೇ! ಹಾಗಿದ್ರೆ ಸಾಲು ಯಾಕೆ ಸಾರ್? ಇಲ್ಲೇ ನನ್ನೆದುರಿಗೆ ಫಾರಂ ಫ್ರೆಂಚಲ್ಲಿ ತುಂಬಲಿ. ಈಗಲೇ ಸೀಲು ಹಾಕ್ತೀನಿ."

ಚಿದಾನಂದಪ್ಪ ಸಾಲಿನ ಕಡೆ ತಿರುಗಿ ಮೀಸೆ ತಿರುವಿದರು. ಹುಡುಗಿ ತನ್ನ ಹೆಸರು ಬರೆದಳು. ಮುಂದಿನದು 'ತಂದೆಯ ಉದ್ಯೋಗ'. ಪೆನ್ನು ಅಲ್ಲೇ ನಿಂತಿತು.

"ಬರಿಯಮ್ಮಾ! ನನ್ನ ಕೆಲಸ ಏನಂತ ಗೊತ್ತಿಲ್ವಾ ನಿಂಗೆ?"

"ಅಪ್ಪಾ, ಮನೆಯವರ ಬಗ್ಗೆ ಇದ್ದ ಪಾಠ ನಾನು ಚಾಯ್ಸಲ್ಲಿ ಬಿಟ್ಟಿದ್ದೆ."

ಇಡೀ ಸಾಲು ಗೊಳ್ಳೆಂದು ನಕ್ಕಿತು. ಚಿದಾನಂದಪ್ಪನವರ ಕೈ ಮೀಸೆಯ ಮೇಲೇ ಉಳಿಯಿತು.

ಪಂಕಜಮ್ಮ ನಗಲಿಲ್ಲ. ನಗುವುದಕ್ಕೂ ಶಕ್ತಿ ಬೇಕು. ಕನ್ನಡದಲ್ಲಿ ತುಂಬಲು ಇನ್ನೊಂದು ಫಾರಂ ತೆಗೆದು ಹುಡುಗಿಯ ಕೈಗಿಟ್ಟರು.

"ತಗೋ ಮಗಾ, ಇದರಲ್ಲಿ ಚಾಯ್ಸ್ ಇಲ್ಲ, ಎಲ್ಲಾ ತುಂಬು. ಅವಸರ ಬೇಡ. ಸಾಲು ದೊಡ್ಡದಿದೆ, ನಿಮ್ಮಪ್ಪನ ಸರದಿ ಬರೋ ಹೊತ್ತಿಗೆ ಬರೆದು ಮುಗಿದಿರುತ್ತೆ."